ಕೇಳಿದರೆ ಮಾತ್ರ ಹೇಳುವ ಮಾತು

"ನನ್ನ ಹಾಗೆ ತಲೆ ಅಲ್ಲಾಡಿಸಿ ಬರಬೇಡ ಕಣೇ. ಅರ್ಥ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅಂತ ಹೇಳು." ಅಮ್ಮ ಮಲಗಿದ್ದಲ್ಲೇ ಹಾಗೆಂದಾಗ ಮಗಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಡಾಕ್ಟರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಬಂದಿದ್ದ ಅಮ್ಮ, ಜ್ವರ ಬಿಟ್ಟ ಕೂಡಲೇ ಮಾತ್ರೆಯನ್ನೂ ಬಿಟ್ಟು, ಮತ್ತೆ ಹಾಸಿಗೆ ಹಿಡಿದಿದ್ದರು. "ಆಯ್ತಮ್ಮ, ಮಾತು ಕೊಟ್ಟೆ" ಎಂದಿದ್ದರು ಮಗಳು. ಆ ಮಾತಿಗೆ ನಿಜವಾದ ಪರೀಕ್ಷೆ ಬಂದದ್ದು ಕಳೆದ ತಿಂಗಳು.

ಮಗಳಿಗೆ ಈಗ ಐವತ್ತು ದಾಟಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೈದ್ಯಕೀಯ ಕಾಲೇಜಿನ ನೆಲಮಾಳಿಗೆಯಲ್ಲಿ ಅವರು ಕನ್ನಡಿಯೆದುರು ಕೂತು ಕೂದಲು ಕೆದರಿಕೊಳ್ಳುತ್ತಿದ್ದಾರೆ. ಮನೆಯಲ್ಲಿ ಬಾಚಿ ಬಂದದ್ದನ್ನು ಇಲ್ಲಿ ಕೆಡಿಸುವುದೇ ಮೊದಲ ಕೆಲಸ. ಮೊಳೆಗೆ ನೇತುಹಾಕಿದ ಬೂದು ಸ್ವೆಟರ್ ತೊಟ್ಟರೆ ಮುಗಿಯಿತು, ಮುಖ ತಾನಾಗಿ ಸೊರಗುತ್ತದೆ. ಡಾಕ್ಟರಾಗಲು ಕಲಿಯುವವರೆದುರು ರೋಗಿಯಾಗಿ ಕೂರುವುದು ಇವರ ಉದ್ಯೋಗ. ವೈದ್ಯರು ಮತ್ತು ರೋಗಿಗಳ ನಡುವೆ ಮಾತು ಎಲ್ಲಿ ತಪ್ಪಿಹೋಗುತ್ತದೆ ಎಂಬುದನ್ನು ಸಂಶೋಧಕರು ಗಾಜಿನಾಚೆ ಕೂತು ಗಮನಿಸುತ್ತಾರೆ. ಕಾಲೇಜಿಗೆಲ್ಲ ಇವರು 'ಪೇಷೆಂಟಕ್ಕ'.

"ಹೊಲಿಗೆ ಕಾರ್ಖಾನೆ ಮುಚ್ಚಿದಾಗ ಇಲ್ಲಿ ನೆಲ ಒರೆಸೋಕೆ ಬಂದೆ. ಒಂದಿನ ರೋಗಿ ಆಗ್ಬೇಕಿದ್ದೋರು ಬರ್ಲಿಲ್ಲ, ಅವರಿಗೇ ಜ್ವರ. ಮೇಡಂ ನನ್ನ ಕೂರ್ಸಿದ್ರು. ಅವತ್ತಿಂದ ಕಾಯಿಲೆಯಲ್ಲೇ ಹೊಟ್ಟೆ ಹೊರೀತಿದೀನಿ" ಎಂದು ನಗುತ್ತಾರೆ.

ಮೇಡಂ ಅಂದರೆ ಸಂಶೋಧನೆಯ ಮುಖ್ಯಸ್ಥೆ. ಬೆಳಿಗ್ಗೆ ಪಾತ್ರ ಹೇಳಿಕೊಡುವವರು ಅವರೇ. ಇವತ್ತು ಒಣಕೆಮ್ಮು. ಪ್ರತಿ ಪಾತ್ರದಲ್ಲೂ ಒಂದು ಮಾತನ್ನು ಬಚ್ಚಿಡಬೇಕು: ಡಾಕ್ಟರು ಕೇಳಿದರೆ ಮಾತ್ರ ಹೇಳುವುದು, ತಾನಾಗಿ ಬಾಯಿ ಬಿಡುವಂತಿಲ್ಲ. ತೂಕಡಿಕೆ ಬರುತ್ತದೆಂದು ಕೆಮ್ಮಿನ ಮಾತ್ರೆ ನಿಲ್ಲಿಸಿದ್ದೇನೆ ಎಂಬುದು ಇವತ್ತಿನ ಮಾತು. ನಡುವೆ ಎಡವಟ್ಟಾದರೆ ಯಾರು ಬೇಕಾದರೂ ಕೈ ಎತ್ತಬಹುದು. ಅಲ್ಲಿಗೆ ನಿಲ್ಲಿಸಿ ಮೊದಲಿನಿಂದ ಶುರು.

ದಿನಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಾರೆ. ಮೊದಲನೆಯ ಹುಡುಗ ಕಂಪ್ಯೂಟರಿನ ಜೊತೆಗೇ ಮಾತಾಡಿ ಎದ್ದುಹೋಗುತ್ತಾನೆ. ಎರಡನೆಯವಳು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾಳೆ. "ಮಾತ್ರೆ ತಗೊಂಡ್ರೆ ಹೇಗಾಗುತ್ತೆ ನಿಮಗೆ?"

"ನಿದ್ದೆ ಬರುತ್ತಮ್ಮ. ಅದಕ್ಕೇ ಬಿಟ್ಬಿಟ್ಟೆ."

ಗಾಜಿನಾಚೆ ಮೇಡಂ ಮುಖ ಅರಳುತ್ತದೆ.

ಇಷ್ಟು ವರ್ಷದ ಈ ಅಭ್ಯಾಸವೇ ಕಳೆದ ತಿಂಗಳು ಕೈಕೊಟ್ಟಿತು. ಸ್ನಾನ ಮಾಡುವಾಗ ಎದೆಯಲ್ಲೊಂದು ಗಂಟು ಕೈಗೆ ತಾಗಿತ್ತು, ಆ ಕಡೆಯ ಭುಜವೂ ನೋಯುತ್ತಿತ್ತು. ಬಸ್ ಓಡಿಸುವ ಗಂಡ ರಜೆ ಹಾಕಿ ಬೇರೊಂದು ಆಸ್ಪತ್ರೆಗೆ ಕರೆದೊಯ್ದರು. ಒಳಗೆ ಇವರೊಬ್ಬರೇ ಹೋದರು. ಏನು ತೊಂದರೆ ಎಂದು ಡಾಕ್ಟರು ಕೇಳಿದರು. "ಭುಜ ನೋವು ಡಾಕ್ಟ್ರೇ" ಎಂದವರು ಮುಂದಿನ ಪ್ರಶ್ನೆಗೆ ಕಾಯುತ್ತ ಕೂತರು. ಪ್ರಶ್ನೆ ಬರಲಿಲ್ಲ. ಮುಲಾಮು ಬರೆದುಕೊಟ್ಟರು. ಇವರು ಎದ್ದು ಬಂದರು.

"ಗಂಟಿಗೆ ಏನಂದ್ರು?" ಹೊರಗೆ ಗಂಡ ಕೇಳಿದರು.

"ಅವರು ಕೇಳ್ಲೇ ಇಲ್ವಲ್ರೀ."

"ಕೇಳ್ದಿದ್ರೆ ಹೇಳ್ಬಾರ್ದಾ? ಇದೇನು ನಿಮ್ ಕಾಲೇಜಾ? ಇಲ್ಲಿ ಕಾಯಿಲೆ ನಿಂದೇ ಕಣೇ."

ಪೇಷೆಂಟಕ್ಕ ತಿರುಗಿ ಒಳಗೆ ಹೋದರು. ಗಾಬರಿಯಲ್ಲಿ ಕೈ ಎತ್ತಿಯೇ ನಿಂತರು. "ತಪ್ಪಾಯ್ತು ಡಾಕ್ಟ್ರೇ, ಮೊದಲಿಂದ ಶುರು ಮಾಡೋಣ."

"ಏನನ್ನಮ್ಮಾ?" ಡಾಕ್ಟರು ಕನ್ನಡಕ ತೆಗೆದು ನೋಡಿದರು. ಆಗ ಇವರು ಗಂಟಿನ ವಿಷಯ ಹೇಳಿದರು.

ಪರೀಕ್ಷೆಯ ಫಲಿತಾಂಶಕ್ಕೆ ಒಂದು ವಾರ ಕಾಯಬೇಕಾಯಿತು. "ಆ ವಾರ ಸ್ವೆಟರ್ ಮುಟ್ಟೋಕೂ ಮನಸ್ಸು ಬರ್ಲಿಲ್ಲ. ಒಳಗೆ ನಿಜವಾದ ಭಯ ಕೂತಿರುವಾಗ ಸುಳ್ಳು ಕೆಮ್ಮು ಎಲ್ಲಿಂದ ಬರುತ್ತೆ?"

ಫಲಿತಾಂಶದ ದಿನ ಗಂಡನೂ ಒಳಗೆ ಬಂದರು. ಡಾಕ್ಟರು ಉದ್ದನೆಯ ಇಂಗ್ಲಿಷ್ ಹೆಸರೊಂದನ್ನು ಹೇಳಿ, "ಗೊತ್ತಾಯ್ತಲ್ಲ?" ಎಂದರು. ಪೇಷೆಂಟಕ್ಕನ ತಲೆ ಆಗಲೇ ಅರ್ಧ ಅಲ್ಲಾಡಿತ್ತು. ಅಲ್ಲೇ ತಡೆದರು.

"ಇಲ್ಲ ಡಾಕ್ಟ್ರೇ, ಅರ್ಥ ಆಗ್ಲಿಲ್ಲ. ನಮ್ಮಮ್ಮಂಗೆ ಹೇಳ್ಬೇಕು, ಬಿಡಿಸಿ ಹೇಳಿ."

ಡಾಕ್ಟರು ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಕ್ಯಾನ್ಸರ್ ಅಲ್ಲ. ನೀರು ತುಂಬಿದ ಗುಳ್ಳೆ, ಅಪಾಯವಿಲ್ಲ. ಆರು ತಿಂಗಳು ಬಿಟ್ಟು ಮತ್ತೊಮ್ಮೆ ತೋರಿಸಬೇಕು, ಅಷ್ಟರೊಳಗೆ ದೊಡ್ಡದಾದರೆ ಕೂಡಲೇ ಬರಬೇಕು. "ಈಗ ನಾನು ಹೇಳ್ತೀನಿ, ಸರಿಯಾ ನೋಡಿ" ಎಂದು ಇವರು ಅಷ್ಟನ್ನೂ ತಿರುಗಿ ಒಪ್ಪಿಸಿದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಗಂಡ ಹೆಂಡತಿ ಕಾಗದದ ಲೋಟದಲ್ಲಿ ಟೀ ಕುಡಿದರು. ಇದೇನು ಟೀನಾ ಪಾನಕಾನಾ ಎಂದು ಗಂಡ ಗೊಣಗಿದರಂತೆ. "ಅವರು ಗೊಣಗಿದ್ರೆ ಎಲ್ಲಾ ಸರಿಹೋಯ್ತು ಅಂತ ಲೆಕ್ಕ. ಆ ಒಂದು ವಾರ ಏನು ಹಾಕಿದ್ರೂ ತಿಂದು ಸುಮ್ನೆ ಏಳ್ತಿದ್ರು" ಎನ್ನುತ್ತ, ಇವತ್ತಿನ ಕೆಲಸ ಮುಗಿಸಿದ ಪೇಷೆಂಟಕ್ಕ ಸ್ವೆಟರ್ ಬಿಚ್ಚಿ ಮೊಳೆಗೆ ಹಾಕುತ್ತಾರೆ, ಕೂದಲು ಬಾಚಿಕೊಳ್ಳುತ್ತಾರೆ.

ಆ ಮೆಟ್ಟಿಲಿನಿಂದಲೇ ಅಮ್ಮನಿಗೂ ಫೋನ್ ಹೋಗಿತ್ತು. ಎಂಬತ್ತರ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಮೂಗು ಸೀಟಿ, ಆಮೇಲೆ ಕೇಳಿದರು: "ಅರ್ಥ ಮಾಡ್ಕೊಂಡೇ ಬಂದ್ಯಾ, ಇಲ್ಲ ತಲೆ ಅಲ್ಲಾಡ್ಸಿ ಬಂದ್ಯಾ?"

"ಅರ್ಧ ಅಲ್ಲಾಡ್ಸಿದ್ದೆ ಅಮ್ಮ. ಆಮೇಲೆ ಕೇಳ್ದೆ."

ಕೊಟ್ಟ ಮಾತು ಉಳಿಯಿತು.