ಎಲ್ಲರಿಗಿಂತ ಮೊದಲು ಒಳಗೆ ಹೋಗುವ ಯಂಕವ್ವ

ಬೆಳಿಗ್ಗೆ ಆರು ಗಂಟೆ. ಹಾನಗಲ್ಲಿನ ಹಳೇ ಮನೆಯೊಂದರ ಪಡಸಾಲೆಯಲ್ಲಿ ಯಂಕವ್ವ ಒಬ್ಬರೇ ನಿಂತಿದ್ದಾರೆ. ಮನೆಯವರನ್ನೆಲ್ಲ ಹೊರಗಿನ ಕಟ್ಟೆಗೆ ಕಳಿಸಿದ್ದಾರೆ. ಬಿದಿರು ಕೋಲಿನಿಂದ ತೊಲೆಗೆ ಮೆಲ್ಲಗೆ ಬಡಿಯುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿದು ಒಳಗೆ ಪೊಳ್ಳಾಗಿದೆಯೇ ಎಂದು ಉಸಿರು ಬಿಗಿ ಹಿಡಿದು ಕೇಳುತ್ತಾರೆ. ಕಂಬಕ್ಕೆ ಕಿವಿ ಆನಿಸುತ್ತಾರೆ.

ಅವರ ತಲೆಯ ಮೇಲೆ ಕಟ್ಟಿಗೆಯ ತೊಲೆ, ಅದರ ಮೇಲೆ ಜಂತಿ, ಹಲಗೆ, ಎಲ್ಲಕ್ಕೂ ಮೇಲೆ ಒಂದೂವರೆ ಅಡಿ ಮಣ್ಣು. ಮಳೆ ಬಂದರೆ ಮಾಳಿಗೆ ಎನ್ನುವ ಈ ಚಾವಣಿಯ ಮಣ್ಣು ನೀರು ಕುಡಿದು ಭಾರವಾಗುತ್ತದೆ. ನಿನ್ನೆ ಸಂಜೆ ಜೋರು ಮಳೆ ಬಂದಿದೆ.

"ಅಂಜಿಕಿ ಆಗೂದಿಲ್ಲೇನು ಅಂತ ಕೇಳ್ತಾರ್ರಿ. ಪ್ರತಿ ಸಲಾನೂ ಆಗ್ತೈತಿ. ಅಂಜಿಕಿ ಆಗಲಾರದ ದಿನಾ ಈ ಕೆಲಸಾ ಬಿಡ್ತೇನಿ," ಎನ್ನುತ್ತಾರೆ ಯಂಕವ್ವ.

ಹಾನಗಲ್ಲಿನಿಂದ ಅಕ್ಕಿಆಲೂರು ಹಾದು ಹಿರೇಕೆರೂರಿನ ಕಡೆ ಹೋಗುವ ಹಳೆಯ ದಾರಿಯ ಐದು ಪುರಾತನ ಮನೆಗಳನ್ನು ಒಂದೇ ದಿನದಲ್ಲಿ ತೋರಿಸುವ ಪ್ರವಾಸವೊಂದು ತಿಂಗಳಿಗೆ ಎರಡು ಭಾನುವಾರ ನಡೆಯುತ್ತದೆ. ಮನೆಗಳ ಕಥೆ ಹೇಳುವವರು ನಿವೃತ್ತ ಮೇಷ್ಟ್ರು ರವಿಕುಮಾರ. ಅವರ ಮಾತಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ಹೋದ ಶ್ರಾವಣದವರೆಗೂ ಬಸ್ಸಿಗಿಂತ ಒಂದು ಮನೆ ಮುಂದೆ, ಮಗಳು ಹೇಮಾಳ ಸ್ಕೂಟರಿನ ಹಿಂದೆ ಕುಳಿತು ಸಾಗುತ್ತಿದ್ದ ಯಂಕವ್ವ ಪ್ರವಾಸಿಗರ ಕಣ್ಣಿಗೆ ಬೀಳುತ್ತಿದ್ದುದು ಅಪರೂಪ. ಐದು ಮನೆಗಳಲ್ಲಿ ಒಟ್ಟು ನಲವತ್ತಮೂರು ತೊಲೆ. ಆರು ವರ್ಷಗಳಿಂದ ಒಂದನ್ನೂ ಬಿಡದೆ ಬಡಿದು ನೋಡುತ್ತ ಬಂದಿದ್ದಾರೆ.

ಯಂಕವ್ವನ ಅಪ್ಪ ಚೌಡಪ್ಪ ಊರೂರು ತಿರುಗಿ ಇಂಥ ಮಾಳಿಗೆಗಳಿಗೆ ಮಣ್ಣು ಹಾಕುತ್ತಿದ್ದವರು. ಆಗ ಅವರಿಗೆ ಮುಂಬಾಗಿಲಿನಿಂದ ಪ್ರವೇಶವಿರಲಿಲ್ಲ. ಹಿತ್ತಲಲ್ಲಿ ಏಣಿ ಹಚ್ಚಿ ಹತ್ತುವುದು, ಅದೇ ಏಣಿಯಿಂದ ಇಳಿಯುವುದು. ಹನ್ನೊಂದು ವರ್ಷದ ಯಂಕವ್ವ ಕೆಳಗೆ ನಿಂತು ಬುಟ್ಟಿ ಎತ್ತಿ ಕೊಡುತ್ತಿದ್ದಳು. ಒಂದು ದಿನ ಗೋಡೆಯೊಳಗೆ 'ಕಟ್' ಎಂದು ಸಪ್ಪಳವಾಯಿತು.

"ನನಗ ಕೇಳಿಸ್ತು. ಅಪ್ಪಗ ಹೇಳ್ಬೇಕು ಅಂದ್ಕೊಂಡೆ. ಆ ಮನಿ ಅಮ್ಮಾರು ಅದಕ್ಕಿಂತ ಮೊದಲ ಎರಡು ಸಲ, ಬಾಯಿ ಮುಚ್ಚಿ ಕೆಲಸಾ ಮಾಡು ಅಂತ ಬೈದಿದ್ರು. ಮತ್ತ ಬೈತಾರಂತ ಅಂಜಿ ಸುಮ್ಮನಾದೆ." ಮಾಳಿಗೆ ಕುಸಿಯಿತು. ಮಣ್ಣಿನಡಿಯಿಂದ ಹೊರತೆಗೆದ ಮೇಲೆ ಚೌಡಪ್ಪ ಒಂಬತ್ತು ದಿನ ಬದುಕಿದ್ದರು. "ಹೇಳಿದ್ರ ಅಪ್ಪ ಇಳೀತಿದ್ನೋ ಏನೋ. ನಾ ಹೇಳಲಿಲ್ಲ," ಎನ್ನುವಾಗ ಯಂಕವ್ವ ಎದುರಿಗಿದ್ದವರ ಮುಖ ನೋಡುವುದಿಲ್ಲ.

ಹೋದ ಶ್ರಾವಣದ ಒಂದು ಭಾನುವಾರ. ಅಕ್ಕಿಆಲೂರಿನ ವ್ಯಾಪಾರಿ ರುದ್ರೇಶರ ಮನೆಯಲ್ಲಿ ಇಪ್ಪತ್ತಾರು ಮಂದಿಗೆ ಊಟದ ವ್ಯವಸ್ಥೆ. ಬಸ್ಸಿಗಿಂತ ಮೊದಲೇ ಬಂದ ಯಂಕವ್ವ ಎಲ್ಲ ತೊಲೆ ಬಡಿದು, "ಚಲೋ ಅದಾವ" ಎಂದು ಹೇಳಿ ಮುಂದಿನ ಮನೆಗೆ ಹೊರಟಿದ್ದರು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಯಾಕೋ ಮನಸ್ಸು ತಡೆಯಲಿಲ್ಲ. ಗಾಡಿ ತಿರುಗಿಸು ಎಂದರು ಮಗಳಿಗೆ.

ಅವರು ಬಾಗಿಲಿಗೆ ಬಂದಾಗ ಪಡಸಾಲೆಯಲ್ಲಿ ಎರಡು ಸಾಲು ಜನ ಎಲೆಯ ಮುಂದೆ ಕುಳಿತಿದ್ದರು. ರೊಟ್ಟಿ ಬಡಿಸುತ್ತಿದ್ದರು, ನಗು ನಡೆದಿತ್ತು. ನಡುತೊಲೆಯ ಕೆಳಗಿನ ಎಲೆಯೊಂದರ ಅಂಚಿನಲ್ಲಿ, ಹುಳ ತಿಂದ ಕಟ್ಟಿಗೆಯಿಂದ ಉದುರುವ ಹಿಟ್ಟಿನಂಥ ಹಳದಿ ಪುಡಿ. ಯಾರೋ ಅದನ್ನು ಬೆರಳಿನಿಂದ ಒರೆಸಿದರು. ಮತ್ತೆ ಬಿತ್ತು.

"ಏಳ್ರಿ! ಎಲ್ಲಾರೂ ಹೊರಗ ನಡೀರಿ! ಲಗೂ ಏಳ್ರಿ!"

ಇಪ್ಪತ್ತಾರು ಮಂದಿ ಮಳೆಯಲ್ಲಿ ರಸ್ತೆಗೆ ಬಂದು ನಿಂತರು. ಐದು ನಿಮಿಷವಾಯಿತು. ಹತ್ತಾಯಿತು. ಅರ್ಧ ಗಂಟೆ ಕಳೆಯಿತು. ಏನೂ ಬೀಳಲಿಲ್ಲ. ತೋಯ್ದವರಲ್ಲಿ ಕೆಲವರು ನಗತೊಡಗಿದರು. ರುದ್ರೇಶರ ಮುಖ ಕೆಂಪಾಗಿತ್ತು.

"ಏನಬೇ ಯಂಕವ್ವ, ಉಣ್ಣೂ ಮಂದೀನ ಎಬ್ಬಿಸಿದೆಲ್ಲ! ನಮ್ಮ ಮನಿ ಹೆಸರು ಕೆಡಿಸಿದಿ."

"ಇರಬೋದ್ರಿ ಸಾವ್ಕಾರ್ರ. ಆದ್ರ ಒಳಗ ಹೋಗಬ್ಯಾಡ್ರಿ," ಎಂದಷ್ಟೇ ಹೇಳಿ ಯಂಕವ್ವ ಬಾಗಿಲಿಗೆ ಅಡ್ಡ ಕುಳಿತುಬಿಟ್ಟರು. ಅಂದಿನ ಪ್ರವಾಸ ಅಲ್ಲಿಗೇ ಮುಗಿಯಿತು. ಮುಂದಿನ ಎರಡು ಪ್ರವಾಸಕ್ಕೆ ಅವರನ್ನು ಯಾರೂ ಕರೆಯಲಿಲ್ಲ.

ಆದರೆ ಅಂಜಿಕೆ ಆ ಮನೆಯಲ್ಲೇ ಉಳಿಯಿತು. "ಅಕಿ ಕೂಗಿದ್ದು ಕಿವ್ಯಾಗ ಕುಂತಬಿಟ್ಟಿತ್ರಿ. ಮಗಳು ಪೂಜಾ ಪಡಸಾಲ್ಯಾಗ ಹಾದು ಹೋದ್ರೂ ನನಗ ಎದಿ ಝಲ್ ಅಂತಿತ್ತು," ಎಂದು ರುದ್ರೇಶ ಈಗ ಒಪ್ಪಿಕೊಳ್ಳುತ್ತಾರೆ. ಇಪ್ಪತ್ತು ದಿನ ತಡೆದು ಬಡಗಿ ಹಸನಸಾಬರನ್ನು ಕರೆಸಿದರು. ಕೆಳಗೆ ಆಸರೆ ಕೊಟ್ಟು ಹಸನಸಾಬ ತೊಲೆಯ ಗೋಡೆ ಕಡೆಯ ತುದಿಗೆ ಉಳಿ ಇಟ್ಟರು. ಸುತ್ತಿಗೆ ಬೇಕಾಗಲಿಲ್ಲ, ಉಳಿ ಹಿಟ್ಟಿನಲ್ಲಿ ಹೋದಂತೆ ಒಳಗೆ ಹೋಯಿತು. ಪುಡಿ ಕೆದರಿ ತೆಗೆದರೆ ಆ ತೂತಿನಲ್ಲಿ ಅವರ ಕೈ ಮೊಣಕೈವರೆಗೆ ಇಳಿಯಿತು. "ಮ್ಯಾಲಿನ ಬಣ್ಣಾ ಹಿಡಕೊಂಡು ನಿಂತಿತ್ರಿ ಇದು," ಎಂದರಂತೆ.

ರುದ್ರೇಶ ತಾವಾಗಿಯೇ ಯಂಕವ್ವನ ಮನೆಗೆ ಹೋದರು. ಹೊಸ್ತಿಲಲ್ಲಿ ನಿಂತು, ಒಳಗೆ ಕಾಲಿಡುವ ಮುನ್ನ ತಲೆ ಎತ್ತಿ ಮೇಲೆ ನೋಡಿದರು. "ಮ್ಯಾಲ ಬರೇ ತಗಡ ಐತ್ರಿ, ಅಂಜಬ್ಯಾಡ್ರಿ, ಬರ್ರಿ ಕುಂದರ್ರಿ," ಎಂದರು ಯಂಕವ್ವ. ಚಹಾ ಕುಡಿದು ಎದ್ದವರು ಮರುದಿನವೇ ಮೇಷ್ಟ್ರಿಗೆ ಫೋನ್ ಮಾಡಿದರು. ಯಂಕವ್ವ ಇಲ್ಲದಿದ್ದರೆ ತಮ್ಮ ಮನೆಗೆ ಪ್ರವಾಸಿಗರು ಬರುವುದು ಬೇಡ ಎಂದರು.

ಊರೆಲ್ಲ ಹೊಗಳಿತು. ಯಂಕವ್ವನಿಗೆ ಮಾತ್ರ ಅಂಜಿಕೆ ಹೆಚ್ಚಾಯಿತು. "ಅದ ತೊಲಿ ಅವತ್ತ ನಾನ ಬಡದು ಚಲೋ ಐತಿ ಅಂದಿದ್ನೆಲ್ರಿ. ಮಳಿ ಬರಲಾರದಿದ್ರ ತಿರುಗಿ ಹೋಗ್ತಿದ್ದಿಲ್ಲ. ಅದನ್ಯಾರೂ ಕೇಳೂದಿಲ್ಲ." ಈಗ ಅವರು ಬಡಿದು ನೋಡಿ ಮುಂದೆ ಹೋಗುವುದಿಲ್ಲ. ಕೊನೆಯ ಪ್ರವಾಸಿ ಹೊರಗೆ ಬರುವವರೆಗೂ ಬಾಗಿಲಲ್ಲೇ ಮೇಲೆ ನೋಡುತ್ತ ನಿಲ್ಲುತ್ತಾರೆ. ಮುಂದಿನ ಮನೆಯಲ್ಲಿ ಅವರು ಬಡಿದು ಮುಗಿಸುವವರೆಗೆ ಬಸ್ಸು ಕಾಯುತ್ತದೆ, ಪ್ರವಾಸ ಎರಡು ಗಂಟೆ ತಡವಾಗಿ ಮುಗಿಯುತ್ತದೆ. ಯಾರೂ ತಕರಾರು ಎತ್ತಿಲ್ಲ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಯಂಕವ್ವ ಬಿದಿರು ಕೋಲನ್ನು ಗೋಡೆಗೆ ಒರಗಿಸುತ್ತಾರೆ.

"ಈ ಮನಿಗೋಳ ಗ್ವಾಡಿ ತುಂಬ ಚಿತ್ರಾ ಬರದಾರಂತ್ರಿ. ಆನಿ ಅದಾವಂತ, ಗಿಣಿ ಅದಾವಂತ. ಮಂದಿ ನೋಡಿ ಹೊರಗ ಬಂದು ಹೇಳ್ತಾರ. ಆರು ವರ್ಷಾತು, ಎಲ್ಲಾರಕ್ಕಿಂತ ಮೊದಲ ನಾನ ಒಳಗ ಹೋಗ್ತೇನಿ. ಕಣ್ಣು ತೊಲಿ ಮ್ಯಾಲ ಇರ್ತಾವ, ಒಂದ ಗಿಣೀನೂ ನೋಡಿಲ್ಲ."