ಗ್ಯಾನಪ್ಪ ಎಳೆಸಿದ ಗೆರೆ

ಮಸ್ಕಿಯ ಗ್ಯಾನಪ್ಪ ಓದಿದ್ದು ನಾಲ್ಕನೇ ಕ್ಲಾಸು. ಲಿಂಗಸುಗೂರಿನ ನಾನು ಡಿಪ್ಲೊಮಾ. 1994ರಲ್ಲಿ ಸಿಂಧನೂರಿನ ಒಂದು ಅಕ್ಕಿ ಗಿರಣಿಗೆ ಹೊಸ ಕಂಟ್ರೋಲರ್ ಕೂಡಿಸಲು ಹೋದಾಗ, ಅಲ್ಲಿ ಇಪ್ಪತ್ತು ವರ್ಷ ವೈರಿಂಗ್ ಮಾಡಿದ ಅವರ ಮಾತು ಕೇಳುವ ತಾಳ್ಮೆ ನನಗಿರಲಿಲ್ಲ.

ಕಂಟ್ರೋಲರ್ ಎಂಬ ಆ ಡಬ್ಬಿ, ಯಂತ್ರ ನಡೆಸುವುದಕ್ಕೆಂದೇ ಮಾಡಿದ ಕಂಪ್ಯೂಟರ್. ಅದರ ಭಾಷೆಯಲ್ಲಿ ಎರಡು ಬಗೆಯ ಬರವಣಿಗೆಗೆ ಜಾಗವಿತ್ತು. ಇದಾದ ಮೇಲೆ ಇದು ಎಂದು ಹೆಜ್ಜೆಹೆಜ್ಜೆಯಾಗಿ ಬರೆಯುವುದು ಒಂದು. ವೈರಿಂಗ್ ನಕ್ಷೆಯಂತೆ ಗೆರೆ ಎಳೆದು, ಇದು ಇಲ್ಲದಿದ್ದರೆ ಅದು ಎಂದೂ ನಡೆಯಕೂಡದು ಎಂದು ಕಟ್ಟಿಹಾಕುವುದು ಇನ್ನೊಂದು. ನಾನು ಹೆಜ್ಜೆಗಳನ್ನಷ್ಟೇ ಬರೆದೆ: ಭತ್ತ ನೆನೆಸು, ಬೇಯಿಸು, ಮೇಲೆತ್ತುವ ಎಲಿವೇಟರನ್ನು ಹತ್ತು ನಿಮಿಷ ನಿಲ್ಲಿಸು, ಮತ್ತೆ ಓಡಿಸು. ಆ ಹತ್ತು ನಿಮಿಷದಲ್ಲಿ ಜವಳಗೇರಾದ ಶೇಖಮ್ಮ ಎಲಿವೇಟರಿನ ಬುಡದ ತೆಗ್ಗಿಗಿಳಿದು ಚೆಲ್ಲಿದ ಭತ್ತ ಬಳಿಯಬೇಕು.

"ಆಕಿ ಒಳಗಿದ್ದಾಗ ಕರೆಂಟ್ ಹೋತಂದ್ರ?" ಗ್ಯಾನಪ್ಪ ಕೇಳಿದರು.

"ಡಬ್ಬಿಗೆ ಬ್ಯಾಟರಿ ಐತಿ. ಎಣಿಕಿ ತಪ್ಪಂಗಿಲ್ಲ," ಎಂದು ಜಂಬ ಕೊಚ್ಚಿದೆ.

"ಅದಕ್ಕ ಅಂಜಿಕಿ ಬರತೈತ್ರಿ ಸಾಹೇಬ್ರ. ಡಬ್ಬಿ ಎಣಸ್ತಿರತೈತಿ, ಆಕಿ ಕತ್ತಲದಾಗ ಕುಂತಿರ್ತಾಳ. ಕರೆಂಟ್ ಬಂದ್ರ ಎಲಿವೇಟರ್ ಒಮ್ಮಿಗೇ ಓಡತೈತಿ."

ಕಂಬ ಹತ್ತುವ ಮುಂಚೆ ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಳ್ಳುವುದು ಅವರು ಕಲಿತ ಪದ್ಧತಿ. ತೆಗ್ಗಿನ ಪಕ್ಕದ ಗೋಡೆಗೆ ಒಂದು ಫ್ಯೂಜು ಕೂಡಿಸಿ, ಅಲ್ಲಿಂದ ಡಬ್ಬಿಗೆ ವೈರು ಎಳೆದರು. ಇಳಿಯುವಾಗ ಶೇಖಮ್ಮ ಅದನ್ನು ಕಿತ್ತುಕೊಳ್ಳಬೇಕು. ಅದು ಗೋಡೆಯಲ್ಲಿಲ್ಲದಿದ್ದರೆ ಎಲಿವೇಟರ್ ಓಡಕೂಡದು. ನಾನು ಪ್ರೋಗ್ರಾಮಿನಲ್ಲಿ ಆ ಗೆರೆ ಎಳೆಯುವತನಕ ಗ್ಯಾನಪ್ಪ ನನ್ನ ಮುಂದಿನಿಂದ ಏಳಲಿಲ್ಲ. ನನ್ನ ಅಂದವಾದ ಪ್ರೋಗ್ರಾಮ್ ಕೆಟ್ಟಿತಲ್ಲ ಎಂಬ ಸಿಟ್ಟಿನಲ್ಲೇ, ಅವರ ಕಾಟ ತಪ್ಪಲೆಂದು ಎಳೆದೆ.

ಮೂರನೆಯ ದಿನ ಮಧ್ಯಾಹ್ನ ಶೇಖಮ್ಮ ತೆಗ್ಗಿಗೆ ಇಳಿದಿದ್ದಾಗ ಕರೆಂಟ್ ಹೋಯಿತು. ತಿರುಗಿ ಬರುವಷ್ಟರಲ್ಲಿ ಹತ್ತು ನಿಮಿಷ ಮುಗಿದು, ಡಬ್ಬಿಯ ಮೇಲೆ 'ಓಡಿಸು' ಹೆಜ್ಜೆಯ ದೀಪ ಹತ್ತಿತ್ತು. ಶೇಖಮ್ಮ ಹೊರಗೆ ಬಂದಿರಲಿಲ್ಲ. ಫ್ಯೂಜು ಕಿತ್ತುಕೊಂಡಿದ್ದಾಳೋ ಇಲ್ಲವೋ ನಾನು ನೋಡಿರಲಿಲ್ಲ. ಚೀರುತ್ತ ಓಡಿದೆ.

ಎಲಿವೇಟರ್ ಅಲುಗಿರಲಿಲ್ಲ. ತೆಗ್ಗಿನಿಂದ ಶೇಖಮ್ಮ ತಲೆ ಎತ್ತಿದಳು.

"ಯಾಕ್ರೀ ಸಾಹೇಬ್ರ, ಹಂಗ ಒದರಾಕತ್ತೀರಿ?" ಎಂದು ಸೆರಗಿನ ಗಂಟು ತೋರಿಸಿದಳು. "ಫ್ಯೂಜು ನನ್ನ ಕಡೆ ಐತಲ್ರಿ."

ಅಲ್ಲೇ ಚೀಲದ ಮೇಲೆ ಕುಸಿದು ಕುಳಿತೆ. ಹೋದ ಜೀವ ಬಂದಂತಾಗಿ ಅಳುವೂ ನಗುವೂ ಒಟ್ಟಿಗೇ ಬಂದವು. ಗ್ಯಾನಪ್ಪ ನೀರು ತಂದುಕೊಟ್ಟರು. ನಾಲ್ಕು ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಎಷ್ಟೋ ಗಿರಣಿಗಳಿಗೆ ಡಬ್ಬಿ ಕೂಡಿಸಿದ್ದೇನೆ. ಹೋದ ಕೂಡಲೇ ತೆಗ್ಗಿಗೆ ಇಳಿಯುವವರು ಯಾರು ಎಂದು ಕೇಳಿ, ಮೊದಲು ಆ ಗೆರೆ ಎಳೆಯುತ್ತೇನೆ. ಹೆಜ್ಜೆಗಳು ಆಮೇಲೆ.