ಕೋಟು ಇಲ್ಲದವರಿಗೆ ಪ್ರವೇಶವಿಲ್ಲ

ಆಂಗ್ ಮೋ ಕಿಯೋದಲ್ಲಿ ನಾವಿದ್ದ ಬ್ಲಾಕಿನ ಎಂಟನೇ ಮಹಡಿಯಲ್ಲಿ ಧಾರವಾಡದ ಕಡೆಯ ಅಂಕಲ್ ಒಬ್ಬರಿದ್ದರು. ಸಿಂಗಪುರದಲ್ಲಿ ಕ್ಯಾಸಿನೊ ಬೇಕೋ ಬೇಡವೋ ಎಂದು ಊರೆಲ್ಲ ಚರ್ಚಿಸುತ್ತಿದ್ದ ವರ್ಷಗಳವು. ಉಳಿದವರು ಸಂಸಾರ, ಮಕ್ಕಳ ಭವಿಷ್ಯ ಅಂತ ತಲೆಕೆಡಿಸಿಕೊಂಡರೆ ಅಂಕಲ್‌ಗೆ ಬೇರೆಯೇ ದುಃಖ. ಜೂಜಿಗೆ ಈಗ ಮರ್ಯಾದೆಯೇ ಉಳಿದಿಲ್ಲವಂತೆ.

ಭಾನುವಾರ ಸಂಜೆ ಅವರ ಮನೆಯಲ್ಲಿ ಮಂಡಕ್ಕಿ, ಮಿರ್ಚಿ. ಜೊತೆಗೆ ತಪ್ಪದೆ, ಮಲೇಷ್ಯಾದ ಬೆಟ್ಟದ ಮೇಲಿನ ಕ್ಯಾಸಿನೊ ಊರಿನ ಕಥೆ. ಮದುವೆಗೆ ಮುಂಚೆ, ಹಡಗು ರಿಪೇರಿ ಕೆಲಸಕ್ಕೆಂದು ಬಂದ ಹೊಸತರಲ್ಲಿ ಅವರು ಅಲ್ಲಿಗೆ ಹೋಗಿದ್ದರು. ಒಂದೇ ಸಲ, ಒಂದೇ ದಿನ. ಆ ಒಂದು ದಿನದಲ್ಲಿ ಅವರು ನೋಡಿದ ದೀಪದ ಗೊಂಚಲುಗಳು, ನೆಲ ಗುಡಿಸುವ ಗೌನುಗಳು ವಾರದಿಂದ ವಾರಕ್ಕೆ ಹೆಚ್ಚುತ್ತಲೇ ಹೋಗುತ್ತಿದ್ದವು.

"ಕೋಟು, ಟೈ ಇಲ್ದೆ ಒಳಗೇ ಬಿಡ್ತಿರ್ಲಿಲ್ಲ ಕಣ್ರೀ. ಸ್ಟ್ಯಾಂಡರ್ಡ್ ಅಂದ್ರೆ ಅದು!" ಎನ್ನುವಾಗ ಅವರ ಕಣ್ಣು ನನ್ನ ಬರ್ಮುಡಾ ಚಡ್ಡಿಯ ಮೇಲಿರುತ್ತಿತ್ತು.

ಈ ಕಥೆಯನ್ನು ಆಂಟಿ ಇಪ್ಪತ್ತೈದು ವರ್ಷದಿಂದ ಕೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಕರೆದುಕೊಂಡು ಹೋಗುತ್ತೇನೆಂದು ಅಂಕಲ್ ಮಾತು ಕೊಟ್ಟಿದ್ದರು. ಪ್ರತಿ ವರ್ಷವೂ ಏನೋ ಒಂದು ಅಡ್ಡ ಬರುತ್ತಿತ್ತು. ಕೊನೆಗೆ ಆಂಟಿಯೇ ಗಡಿ ಪಕ್ಕದ ವುಡ್‌ಲ್ಯಾಂಡ್ಸ್‌ನಿಂದ ಹೊರಡುವ ಬಸ್ಸಿಗೆ ನಾಲ್ಕು ಟಿಕೆಟ್ ಬುಕ್ ಮಾಡಿಸಿದರು. ಅವರಿಬ್ಬರು, ನಾನು, ನನ್ನ ಹೆಂಡತಿ. ಅಂಕಲ್ ಮಂಡಿನೋವು ಅಂದರು, ಬೆಟ್ಟದಲ್ಲಿ ಮಂಜು ಅಂದರು. ವಯಸ್ಸಾಯಿತಲ್ಲ ಎಂದುಕೊಂಡೆ, ದಡ್ಡ ನಾನು.

ಅಂಕಲ್ ತಮ್ಮ ಮರೂನ್ ಕೋಟು ಹಾಕಿದ್ದರು. ನುಸಿಗುಳಿಗೆಯ ವಾಸನೆ ಇಡೀ ಬಸ್ಸಿಗೆ ಹರಡಿತು. ಅವರ ಅಪ್ಪಣೆಯಂತೆ ನಾನು ನನ್ನ ಮದುವೆಯ ಕೋಟಿನೊಳಗೆ ಉಸಿರು ಬಿಗಿಹಿಡಿದು ಕೂತಿದ್ದೆ. ಆಂಟಿಗೆ ಕಂಚಿ ರೇಷ್ಮೆ.

ಬಾಗಿಲಲ್ಲಿ ನಮ್ಮ ಕೋಟುಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಒಳಗೆ ಹವಾಯಿ ಚಪ್ಪಲಿ, ತೋಳಿಲ್ಲದ ಬನಿಯನ್. ಒಬ್ಬಾಕೆ ಮಷಿನ್ ಮುಂದೆ ಕೂತು ಬೇಯಿಸಿದ ಜೋಳದ ತೆನೆ ಕಚ್ಚುತ್ತಿದ್ದಳು. ಅಲ್ಲಿಯ ವೇಟರುಗಳಿಗೂ ಮರೂನ್ ಕೋಟೇ. ಚೀನೀ ಅಜ್ಜಿಯೊಬ್ಬರು ಖಾಲಿ ಪೇಪರ್ ಕಪ್ಪನ್ನು ಅಂಕಲ್ ಕೈಗಿಟ್ಟು ಇನ್ನೊಂದು ಕಾಫಿ ತಾ ಎಂದರು. ನನ್ನ ಹೆಂಡತಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು.

ಆಂಟಿ ನಗಲಿಲ್ಲ. ಸುತ್ತಲೂ ಒಮ್ಮೆ ಕಣ್ಣಾಡಿಸಿ, "ಹೋಗ್ಲಿ ಬಿಡ್ರಿ, ಎಲ್ಲಾ ಬದಲಾಗೇದ. ಆವತ್ತು ನೀವು ಎಲ್ಲಿ ನಿಂತಿದ್ರಿ? ಅದನ್ನರ ತೋರಸ್ರಿ," ಎಂದರು.

ಅಂಕಲ್ ಕೈಯಲ್ಲಿದ್ದ ಕಪ್ಪನ್ನೇ ನೋಡುತ್ತಿದ್ದರು. "ಬಾಗಲಾಗ," ಎಂದರು. "ಕೋಟ್ ಇರ್ಲಿಲ್ಲ. ಒಳಗ ಬಿಡ್ಲಿಲ್ಲ. ಇದನ್ನ ಆಮ್ಯಾಲ ಹೊಲಿಸಿದ್ದು."

ಇಷ್ಟು ವರ್ಷ ಮಿರ್ಚಿಯ ಆಸೆಗೆ ಆ ಬಡಾಯಿ ಸಹಿಸಿಕೊಂಡಿದ್ದ ನನಗೆ ಆಗ ನಗು ಬರಬೇಕಿತ್ತು. ಬರಲಿಲ್ಲ, ಸಂಕಟವಾಯಿತು. ಸಿಟ್ಟೂ ಬಂತು. ತನ್ನನ್ನು ಹೊರಗೆ ನಿಲ್ಲಿಸಿದ ಬಾಗಿಲನ್ನು ಈ ಮನುಷ್ಯ ಇಪ್ಪತ್ತೈದು ವರ್ಷ ಹೊಗಳಿದ್ದರು. ಈಗ ಯಾರು ಬೇಕಾದರೂ ಒಳಗೆ ಬರಬಹುದು ಅನ್ನುವುದೇ ಅವರ ಕಣ್ಣಿಗೆ ಊರು ಹಾಳಾದ ಲಕ್ಷಣ.

ವಾಪಸು ಬರುವಾಗ ಆಂಟಿ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಮುಂದಿನ ಭಾನುವಾರ ಟ್ಯಾಂಪಿನೀಸ್‌ನಿಂದ ಹೊಸ ಜೋಡಿಯೊಂದು ಬಂದಿತ್ತು. ಬೆಟ್ಟದ ಊರಿಗೆ ಹೋಗಿದ್ದಿರಂತೆ, ಹೇಗಿದೆ ಅಂಕಲ್ ಎಂದು ಕೇಳಿತು. ಅಂಕಲ್ ಆಂಟಿಯ ಮುಖ ನೋಡಿದರು. ನಾನು, ನನ್ನ ಹೆಂಡತಿ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದೆವು.

"ಈಗೇನಿದೆ ಅಲ್ಲಿ?" ಎಂದರು ಆಂಟಿ, ಗಂಡನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕುತ್ತಾ. "ಆವಾಗ ನೋಡ್ಬೇಕಿತ್ತು. ಕೋಟಿಲ್ಲದೋರನ್ನ ಒಳಗೇ ಬಿಡ್ತಿರ್ಲಿಲ್ಲ. ನಮ್ಮನೆಯವ್ರಿಗೆ ಚೆನ್ನಾಗಿ ಗೊತ್ತು."

ಅಂದಿನಿಂದ ಆ ಕಥೆಯನ್ನು ಪ್ರತಿ ಭಾನುವಾರ ಆಂಟಿಯೇ ಹೇಳುತ್ತಿದ್ದರು. ಅಂಕಲ್ ತಲೆ ತಗ್ಗಿಸಿ ಮಿರ್ಚಿ ತಿನ್ನುತ್ತಿದ್ದರು.